ಚೌಕಟ್ಟಿನ ಅಂಚಿನಲ್ಲಿ ಉಳಿದ ಮಲೆನಾಡು

ಹಳೆಯ ತೊಟ್ಟಿಮನೆಯನ್ನು ಜೀರ್ಣೋದ್ಧಾರ ಮಾಡಿಕೊಡಿ ಎಂದು ಶಿವಮೊಗ್ಗ, ತೀರ್ಥಹಳ್ಳಿ ಕಡೆಯವರು ಬಂದಾಗ ವಾಸ್ತುಶಿಲ್ಪಿಯಾದ ನಾನು ಮೊದಲು ಕೇಳುವುದು ಮನೆಯ ಹಳೆಯ ಫೋಟೊಗಳನ್ನು. ಆದರೆ ಅವರ ಆಲ್ಬಮ್ಮಿನಲ್ಲಿ ಮದುಮಕ್ಕಳಿರುತ್ತಾರೆಯೇ ಹೊರತು ಜಗಲಿಯ ಕಂಬದ ಬುಡವಾಗಲಿ ಮಾಡಿನ ಇಳಿಜಾರಾಗಲಿ ಇರುವುದಿಲ್ಲ. ಸ್ಥಳದಲ್ಲೇ ಚಿತ್ರೀಕರಿಸಿದ ಹಳೆಯ ಸಿನಿಮಾಗಳು ಈ ಕೊರತೆಯನ್ನು ಒಂದಿಷ್ಟು ತುಂಬುತ್ತವೆ, ಏಕೆಂದರೆ ಕ್ಯಾಮೆರಾ ನಟನನ್ನು ಹಿಂಬಾಲಿಸುವಾಗ ಅವನ ಹಿಂದಿನ ಗೋಡೆ, ಬಾವಿಕಟ್ಟೆ, ಅಂಗಡಿಯ ಹಲಗೆಬಾಗಿಲುಗಳೂ ತಾವಾಗಿಯೇ ದಾಖಲಾಗಿಬಿಡುತ್ತವೆ.

1987ರಲ್ಲಿ ದೂರದರ್ಶನದಲ್ಲಿ ಬಂದ ಶಂಕರ್‌ನಾಗ್ ನಿರ್ದೇಶನದ 'ಮಾಲ್ಗುಡಿ ಡೇಸ್' ಧಾರಾವಾಹಿಯ ರೈಲು ನಿಲ್ದಾಣ ನಮ್ಮ ಶಿವಮೊಗ್ಗ ಜಿಲ್ಲೆಯ ಅರಸಾಳು. ಆಗ ಅಲ್ಲಿದ್ದದ್ದು ಮೀಟರ್ ಗೇಜ್ ಹಳಿ, ಅಂದರೆ ಎರಡು ಕಂಬಿಗಳ ನಡುವೆ ಸರಿಯಾಗಿ 1,000 ಮಿ.ಮೀ. ಅಂತರ, ಇಂಥ ಒಂದು ಖಚಿತ ಅಳತೆ ಚೌಕಟ್ಟಿನೊಳಗೆ ಸಿಕ್ಕರೆ ನನ್ನ ಅರ್ಧ ಕೆಲಸ ಮುಗಿದಂತೆ. ಸಮತಟ್ಟಾದ ನೇರ ಹಳಿಯ ಎರಡು ಕಂಬಿಗಳನ್ನು ಕಾಗದದ ಮೇಲೆ ಮುಂದಕ್ಕೆ ಎಳೆದಾಗ ಅವು ಕೂಡುವ ಬಿಂದುವಿನ ಮೂಲಕ ಹಾಯುವ ದಿಗಂತರೇಖೆಯು, ಅದೇ ನೆಲದ ಮೇಲೆ ನಿಂತ ಪ್ರತಿ ಕಂಬವನ್ನೂ ಕ್ಯಾಮೆರಾ ಇದ್ದಷ್ಟೇ ಎತ್ತರದಲ್ಲಿ ಕತ್ತರಿಸುತ್ತದೆ; ಕ್ಯಾಮೆರಾದ ಎತ್ತರವನ್ನು ಕಂಬಿಗಳ ಅಂತರದಿಂದ ತಿಳಿದುಕೊಂಡರೆ, ಕೆಡವಿದ ಸೂರಿನ ಎತ್ತರವನ್ನೂ ಹೆಚ್ಚುಕಡಿಮೆ ಲೆಕ್ಕ ಹಾಕಬಹುದು. ಅರಸಾಳಿನ ಹಳೆಯ ಕಟ್ಟಡ ಈಗ ಸಂಗ್ರಹಾಲಯವಾಗಿ ಉಳಿದಿರುವುದರಿಂದ ಲೆಕ್ಕವನ್ನು ಟೇಪು ಹಿಡಿದು ತಾಳೆ ನೋಡುವ ಅನುಕೂಲವೂ ಇದೆ.

ಆದರೆ ಸಿನಿಮಾ ನಂಬಿಕಸ್ಥ ಸಾಕ್ಷಿಯಲ್ಲ. ಅದೇ ಧಾರಾವಾಹಿಯಲ್ಲಿ ಅರಸಾಳಿನ ನಿಲ್ದಾಣವೂ ಹತ್ತಾರು ಕಿ.ಮೀ. ಆಚೆಯ ಆಗುಂಬೆಯ ಬೀದಿಯೂ ಒಂದೇ ಊರಾಗುತ್ತವೆ. ಬೀದಿಯ ನಡುವಿನ ಪ್ರತಿಮೆಯನ್ನಂತೂ ಚಿತ್ರೀಕರಣಕ್ಕೆಂದೇ ಮಾಡಿದ್ದು. ಧಾರಾವಾಹಿಯಲ್ಲಿ ಕಾಣುವ ಆಗುಂಬೆಯ ದೊಡ್ಡಮನೆ ಮಾತ್ರ ಇಂದಿಗೂ ನಿಂತಿದೆ. ಶೃಂಗೇರಿ ಬಳಿಯ ವೈಕುಂಠಪುರದಲ್ಲಿ ತೆಗೆದ 1970ರ 'ಸಂಸ್ಕಾರ' ಅಗ್ರಹಾರದ ಬದುಕನ್ನು ಅದರ ಜಗಲಿ, ಅಂಗಳಗಳ ಸಮೇತ ಹಿಡಿದಿಟ್ಟಿದೆಯಾದರೂ, ಕಪ್ಪುಬಿಳುಪು ಚಿತ್ರವಾದ್ದರಿಂದ ನೆಲ ಕೆಂಪು ಗಾರೆಯದೋ ಕಪ್ಪು ಗಾರೆಯದೋ ಎಂಬುದನ್ನು ಅದು ಹೇಳಲಾರದು.

ಇನ್ನೊಂದು ಕೊರತೆ ಋತುವಿನದು. ಚಿತ್ರತಂಡಗಳು ಸಾಮಾನ್ಯವಾಗಿ ಮಳೆ ತಪ್ಪಿಸಿ ಬರುವುದರಿಂದ, ಮಳೆಗಾಲದಲ್ಲಿ ಜಗಲಿಗೆ ಕಟ್ಟುತ್ತಿದ್ದ ಅಡಿಕೆ ಸೋಗೆಯ ತಡಿಕೆಗಳು ತೆರೆಯ ಮೇಲೆ ಕಾಣುವುದು ಅಪರೂಪ. ವರ್ಷದ ನಾಲ್ಕು ತಿಂಗಳು ಮನೆಯ ಮುಖವೇ ಸೋಗೆಯಾಗಿದ್ದ ನಾಡಿನಲ್ಲಿ ಇದು ಸಣ್ಣ ಲೋಪವಲ್ಲ.

ಕನ್ನಡದಲ್ಲಿ ಹಳ್ಳಿಗೇ ಹೋಗಿ ಇಡೀ ಚಿತ್ರ ತೆಗೆಯುವ ರೂಢಿ ಬಲವಾದದ್ದು 1970ರ ನಂತರ. ಶರಾವತಿ ನದಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು ಅದಕ್ಕೂ ಮೊದಲೇ, 1964ರಲ್ಲಿ. ಹಾಗಾಗಿ ಅದರ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಮಟ್ಟಿಗೆ ಕ್ಯಾಮೆರಾ ತಡವಾಗಿ ಬಂತು. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಅದೇ ಹಿನ್ನೀರಿನಲ್ಲಿ ಮುಳುಗಿರುವ, ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತದೆ. ಸುತ್ತಲಿನ ಮನೆಗಳ ವಿಷಯದಲ್ಲಿ ನನಗೆ ಅಳೆಯಲು ಸಿಗುವುದು ಸಂತ್ರಸ್ತರು ಬಿಚ್ಚಿಕೊಂಡು ಹೋದ ಕಂಬ, ಬಾಗಿಲುಗಳಷ್ಟೇ.