ರಕ್ತ ನಿಂತಿರುವ ಹುಣ್ಣಿಗೂ ಕ್ಲಿಪ್ ಯಾಕೆ?

ಹೊಟ್ಟೆಯಲ್ಲೋ ಸಣ್ಣ ಕರುಳಿನ ಆರಂಭದಲ್ಲೋ ರಕ್ತ ಸುರಿಸಿದ ಹುಣ್ಣುಗಳಿಗೆ ದರ್ಜೆ ಕೊಡುವ ಫಾರೆಸ್ಟ್ ವರ್ಗೀಕರಣ ಬಾಯಿಪಾಠ ಆಗಿತ್ತು. ಆದರೂ ಒಂದು ಪ್ರಶ್ನೆ ಬಿಡದೆ ಕಾಡುತ್ತಿತ್ತು. 2ಎ ದರ್ಜೆಯ ಹುಣ್ಣಿನಲ್ಲಿ ರಕ್ತನಾಳ ಕಾಣುತ್ತದೆ, ಆದರೆ ರಕ್ತ ಹರಿಯುತ್ತಿಲ್ಲ; ಹಾಗಿದ್ದರೂ ಅದಕ್ಕೆ ಕ್ಲಿಪ್ (ನಾಳವನ್ನು ಹಿಡಿದು ಮುಚ್ಚುವ ಸಣ್ಣ ಲೋಹದ ಚಿಮಟ) ಹಾಕುವುದು ಯಾಕೆ? ನಿನ್ನೆ ರಾತ್ರಿ ಹೊಳೆಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ರಕ್ತ ವಾಂತಿ ಅಥವಾ ಡಾಂಬರಿನಂಥ ಕಪ್ಪು ಮಲ ಅಂತ ಬಂದವರಿಗೆ ಮೊದಲು ಡ್ರಿಪ್ ಹಾಕಿ ಬಿಪಿ ಸರಿಮಾಡಬೇಕು. ಆಮೇಲೆ, 24 ಗಂಟೆಯೊಳಗೆ ಎಂಡೋಸ್ಕೋಪಿ (ಬಾಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ನೋಡುವುದು). ಇದು ನಿಮಗೆ ಗೊತ್ತೇ ಇದೆ.

1974ರ ಫಾರೆಸ್ಟ್ ಪಟ್ಟಿ ಹೀಗಿದೆ: 1ಎ ಚಿಮ್ಮುವ ರಕ್ತ, 1ಬಿ ಒಸರುವ ರಕ್ತ, 2ಎ ಹುಣ್ಣಿನ ತಳದಲ್ಲಿ ಎದ್ದು ಕಾಣುವ ರಕ್ತನಾಳ, 2ಬಿ ಅಂಟಿಕೊಂಡ ಹೆಪ್ಪು, 2ಸಿ ಚಪ್ಪಟೆ ಕಪ್ಪು ಕಲೆ, 3 ಸ್ವಚ್ಛ ತಳ.

ಇದನ್ನು ನಾನು 'ಈಗ ಎಷ್ಟು ರಕ್ತ ಹೋಗುತ್ತಿದೆ' ಎಂಬ ಪಟ್ಟಿ ಅಂದುಕೊಂಡಿದ್ದೆ. ಅಲ್ಲಿಯೇ ಎಡವಿದ್ದು. ನಾವು ಕೇಳಬೇಕಾದದ್ದು 'ಮತ್ತೆ ರಕ್ತ ಬರುತ್ತಾ?' ಅಂತ. 2ಎಯಲ್ಲಿ ಕಾಣುವ ಆ ಸಣ್ಣ ಉಬ್ಬು ಏನು ಹೇಳಿ? ತೂತಾದ ರಕ್ತನಾಳ, ಅದರ ಬಾಯಿಗೆ ಬಿರಡೆ ಹಾಕಿದಂತೆ ಕೂತ ಹೆಪ್ಪು. ಸುತ್ತಲೂ ಹೊಟ್ಟೆಯ ಆಸಿಡ್, ಪ್ರೋಟೀನ್ ಕರಗಿಸುವ ಪೆಪ್ಸಿನ್. ಬಿರಡೆ ಕರಗಿದರೆ ಮತ್ತೆ ಶುರು. ಸುಮ್ನೆ ಬಿಟ್ಟರೆ 10ರಲ್ಲಿ ಸುಮಾರು 4 ಜನರಿಗೆ ಮತ್ತೆ ರಕ್ತಸ್ರಾವ ಆಗುತ್ತದೆ. ಸ್ವಚ್ಛ ತಳ ಇದ್ದರೆ 20ರಲ್ಲಿ ಒಬ್ಬರಿಗೆ. ಅದಕ್ಕೇ 2ಎಗೂ ಕ್ಲಿಪ್, 2ಸಿ ಮತ್ತು 3ಕ್ಕೆ ಬರೀ ಔಷಧ. ನನ್ನ ಗುರುತು: ಉಬ್ಬಿದ್ದರೆ ಕ್ಲಿಪ್, ಚಪ್ಪಟೆ ಇದ್ದರೆ ಮಾತ್ರೆ.

2ಬಿ ಬಂದರೆ ನೀರು ಜೋರಾಗಿ ಹಾಯಿಸಿ ತೊಳೆಯಿರಿ. ಹೆಪ್ಪು ಕಳಚಿದರೆ ಅಡಿಯಲ್ಲಿ ಏನು ಕಾಣುತ್ತದೋ ಅದೇ ಅದರ ನಿಜವಾದ ದರ್ಜೆ.

ಇನ್ನು ಅಡ್ರಿನಲಿನ್, ರಕ್ತನಾಳ ಕುಗ್ಗಿಸುವ ಚುಚ್ಚುಮದ್ದು. 1:1000 ಸಾಂದ್ರತೆಯ 1 ಮಿ.ಲೀ.ಗೆ 9 ಮಿ.ಲೀ. ಸಲೈನ್ ಸೇರಿಸಿದರೆ 1:10,000. ಹುಣ್ಣಿನ ಸುತ್ತ ಚುಚ್ಚಿದರೆ ಜಾಗ ಬಿಳಿಚಿಕೊಂಡು ಉಬ್ಬುತ್ತದೆ, ನಾಳ ಅದುಮಿ ಹೋಗುತ್ತದೆ. ರಕ್ತ ನಿಂತಿತು, ಮುಗೀತು ಅನ್ನಿಸುತ್ತದೆ ಅಲ್ವಾ? ಇಲ್ಲ. ದ್ರವ ಹೀರಿಹೋದ ಮೇಲೆ ಒತ್ತಡವೂ ಹೋಗುತ್ತದೆ. ಹಾಗಾಗಿ ಅಡ್ರಿನಲಿನ್ ಒಂದೇ ಸಾಲದು; ಜೊತೆಗೆ ಕ್ಲಿಪ್ ಅಥವಾ ಬಿಸಿ ಪ್ರೋಬ್ (ಬಿಸಿ ಕೊಟ್ಟು ನಾಳ ಮುಚ್ಚುವ ಸಲಾಕೆ) ಬೇಕೇ ಬೇಕು. ಪ್ರೋಬನ್ನು ಮೊದಲು ಒತ್ತಿ, ಆಮೇಲೆ ಬಿಸಿ ಕೊಡಿ. ಆಗ ನಾಳದ ಎರಡು ಗೋಡೆಗಳೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಚಿಕಿತ್ಸೆ ಆದ ಮೇಲೆ 72 ಗಂಟೆ ಜಾಸ್ತಿ ಡೋಸಿನ ಪಿಪಿಐ (ಹೊಟ್ಟೆಯ ಆಸಿಡ್ ಕಡಿಮೆ ಮಾಡುವ ಔಷಧ). ಬಿರಡೆ ಕರಗಿಸುವ ಆಸಿಡ್ಡನ್ನು ತಡೆಯುವುದಕ್ಕೇ ಅದು. ಹುಣ್ಣಿಗೆ ಕಾರಣವಾಗುವ ಎಚ್. ಪೈಲೋರಿ ಬ್ಯಾಕ್ಟೀರಿಯಾದ ಪರೀಕ್ಷೆ ರಕ್ತಸ್ರಾವದ ಹೊತ್ತಿನಲ್ಲಿ ನೆಗೆಟಿವ್ ಬಂದರೆ ನಂಬಬೇಡಿ, ಆಮೇಲೆ ಇನ್ನೊಮ್ಮೆ ಮಾಡಿಸಿ.