ಕೆಂಪು ಅಂದರೆ ಯಾವ ಕೆಂಪು?

ನಮ್ಮ ಶಿರಸಿ ಕಡೆಯ ಹಳೇ ಮನೆಗಳಲ್ಲಿ ‘ಮಾಣಿಕ್ಯ’ ಅನ್ನುವವರು ಕಡಿಮೆ. ಕೆಂಪಿನ ಓಲೆ, ಕೆಂಪಿನ ಉಂಗುರ, ಕೆಂಪಿನ ಪದಕ ಅಂತಲೇ ಮಾತು. ನೀಲಿ ಹರಳು ನೀಲ ಆದ ಹಾಗೆ, ಕೆಂಪು ಹರಳಿಗೆ ಕೆಂಪು ಅಂತಲೇ ಹೆಸರು. ಹೇಳಲು ಸುಲಭ, ಕೇಳಲು ಚೆಂದ. ಆದರೆ ಕೊಳ್ಳಲು ಹೋದಾಗ ಈ ಪದ ಕೈಕೊಡುತ್ತದೆ. ಗಣಿಯಿಂದ ಬಂದ ಮಾಣಿಕ್ಯಕ್ಕೂ ಕೆಂಪು ಅನ್ನುತ್ತಾರೆ, ಗಾಜು ತುಂಬಿದ ಮಾಣಿಕ್ಯಕ್ಕೂ ಅನ್ನುತ್ತಾರೆ. ಕಾರ್ಖಾನೆಯಲ್ಲಿ ಬೆಳೆಸಿದ್ದಕ್ಕೂ, ಕೆಂಪಗಿರುವ ಬೇರೆ ಜಾತಿಯ ಕಲ್ಲಿಗೂ, ಬರೀ ಬಣ್ಣದ ಗಾಜಿಗೂ ಅದೇ ಹೆಸರು.

ಇನ್ನೊಂದು ತೊಡಕೂ ಇದೆ. ಭರತನಾಟ್ಯದ ಆಭರಣ ಮಾರುವಲ್ಲಿ ‘ಕೆಂಪ್ ಸೆಟ್’ ಅನ್ನುವುದನ್ನು ಕೇಳಿರುತ್ತೀರಿ. ಅದು ನಮ್ಮದೇ ಪದ, ತಮಿಳಿನಲ್ಲೂ ಇದೆ. ಮೊದಲು ದೇವರ ಆಭರಣಕ್ಕೆ ನಿಜವಾದ ಮಾಣಿಕ್ಯ ಕೂರಿಸುತ್ತಿದ್ದರು. ಅದೇ ನಮೂನೆಯ ಆಭರಣವನ್ನು ಬೆಳ್ಳಿ, ತಾಮ್ರದ ಮೇಲೆ ಚಿನ್ನದ ನೀರು ಕೊಟ್ಟು ನೃತ್ಯದವರಿಗೆ ಮಾಡತೊಡಗಿದಾಗ ಕಲ್ಲು ಬದಲಾಯಿತು, ಹೆಸರು ಮಾತ್ರ ಉಳಿಯಿತು. ಹಾಗಾಗಿ ಇವತ್ತು ವ್ಯಾಪಾರದ ಮಾತಿನಲ್ಲಿ ‘ಕೆಂಪ್’ ಅಂದರೆ ಹೆಚ್ಚಾಗಿ ಕೃತಕ ಹರಳು. ಅಜ್ಜಿಯ ‘ಕೆಂಪು’ ಬೇರೆ, ಫ್ಯಾನ್ಸಿ ಅಂಗಡಿಯ ‘ಕೆಂಪ್’ ಬೇರೆ.

ನಿಜವಾದ ಕೆಂಪು ಅಂದರೆ ಕುರುಂದ ಎಂಬ ಖನಿಜ. ಇಂಗ್ಲಿಷಿನ ‘ಕೊರಂಡಮ್’ ಪದ ಹೋಗಿದ್ದೇ ನಮ್ಮ ದಕ್ಷಿಣದ ಈ ಪದದಿಂದ. ಅಲ್ಯುಮಿನಿಯಂ ಮತ್ತು ಆಮ್ಲಜನಕ ಸೇರಿ ಆದ ಕಲ್ಲು ಇದು. ಶುದ್ಧವಾಗಿದ್ದರೆ ಬಣ್ಣವೇ ಇರುವುದಿಲ್ಲ. ಚೂರು ಕ್ರೋಮಿಯಂ ಸೇರಿದರೆ ಮಾಣಿಕ್ಯ, ಕಬ್ಬಿಣ ಮತ್ತು ಟೈಟಾನಿಯಂ ಸೇರಿದರೆ ನೀಲ. ಎರಡೂ ಒಂದೇ ತಾಯಿಯ ಮಕ್ಕಳು. ಗಡಸುತನದ ಮೋಸ್ ಅಳತೆಯಲ್ಲಿ ವಜ್ರಕ್ಕೆ 10, ಇದಕ್ಕೆ 9. ಅದಕ್ಕೇ ಕುರುಂದದ ಪುಡಿಯನ್ನು ಸಾಣೆ ಹಿಡಿಯಲು ಬಳಸುತ್ತಾರೆ.

ನಮ್ಮ ರಾಜ್ಯದಲ್ಲೂ ಮಾಣಿಕ್ಯ ಸಿಗುತ್ತದೆ. ಮೈಸೂರು ಕಡೆಯದು ಹೆಚ್ಚಾಗಿ ಮಬ್ಬು, ಬೆಳಕು ದಾಟುವುದಿಲ್ಲ. ಗುಂಡಗೆ ಉಜ್ಜಿದರೆ ಕೆಲವದರಲ್ಲಿ ಆರು ಎಳೆಯ ನಕ್ಷತ್ರ ಮೂಡುತ್ತದೆ. ಬೆಲೆ ಕಡಿಮೆಯಾದರೂ ಅಪ್ಪಟ ಗಣಿಯ ಕಲ್ಲು. ಸಣ್ಣ ದುಡ್ಡಿನಲ್ಲಿ ನಿಜವಾದ ಕೆಂಪು ಬೇಕು ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ದೊಡ್ಡ ಹೆಸರು ಬರ್ಮಾದ ಮೊಗೋಕ್‌ನದು. ಅಲ್ಲಿನ ಒಳ್ಳೆಯ ಕಲ್ಲಿನ ಬಣ್ಣಕ್ಕೆ ‘ಪಾರಿವಾಳದ ರಕ್ತ’ ಎಂಬ ಹೆಸರೂ ಇದೆ. ಥಾಯ್ಲೆಂಡಿನ ಕಲ್ಲು ಸ್ವಲ್ಪ ಕಪ್ಪು ಮಿಶ್ರಿತ ಕೆಂಪು. 2009ರಲ್ಲಿ ಮೊಜಾಂಬಿಕ್‌ನ ಮೊಂಟೆಪುಯೆಜ್‌ನಲ್ಲಿ ದೊಡ್ಡ ನಿಕ್ಷೇಪ ಸಿಕ್ಕಿದ ಮೇಲೆ ಪೇಟೆಗೆ ಅಲ್ಲಿಯದೇ ಜಾಸ್ತಿ ಬರುತ್ತಿದೆ. ‘ಬರ್ಮಾದ್ದು’ ಅಂದ ಕೂಡಲೇ ಬೆಲೆ ಏರುತ್ತದೆ. ಬರ್ಮಾದಲ್ಲೂ ಕಳಪೆ ಕಲ್ಲು ಬೇಕಾದಷ್ಟಿದೆ. ಮನೆ ಬಳಕೆಗೆ ಕೊಳ್ಳುವವರು ಊರಿನ ಹೆಸರಿಗಿಂತ ಕಣ್ಣೆದುರಿನ ಕಲ್ಲಿಗೆ ಬೆಲೆ ಕೊಡುವುದು ಒಳ್ಳೆಯದು.

ಕಲ್ಲಿನಲ್ಲಿ ಮೊದಲು ನೋಡಬೇಕಾದ್ದು ಬಣ್ಣ. ಅಂಗಡಿಯ ಹಳದಿ ದೀಪದಡಿ ಎಲ್ಲ ಕೆಂಪೂ ಉರಿಯುವ ಕೆಂಡದಂತೆಯೇ ಕಾಣುತ್ತದೆ. ಕೇಳಿ, ಬಾಗಿಲ ಬೆಳಕಿಗೆ ತಂದು ನೋಡಿ. ಮಳೆಗಾಲದ ಶಿರಸಿಯ ಮಂಕು ಬೆಳಕಿನಲ್ಲೂ ಕಪ್ಪಾಗದೆ ಕೆಂಪಾಗಿಯೇ ಉಳಿದರೆ ಆ ಕಲ್ಲಿನ ಬಣ್ಣ ಒಳ್ಳೆಯದು. ಕಾರವಾರದ ಕಡಲಂಚಿನ ಬಿಸಿಲಿನಲ್ಲಿ ಇನ್ನೊಂದು ವಿಷಯ ಕಾಣುತ್ತದೆ. ಬಿಸಿಲಿನ ಅತಿನೇರಳೆ ಕಿರಣ ಬಿದ್ದಾಗ ಕ್ರೋಮಿಯಂ ತಾನೇ ಕೆಂಪು ಬೆಳಕು ಬಿಡುತ್ತದೆ, ಕಲ್ಲು ಒಳಗಿನಿಂದ ಹೊತ್ತಿಕೊಂಡ ಹಾಗೆ. ಕಬ್ಬಿಣದ ಅಂಶ ಜಾಸ್ತಿ ಇರುವ ಕಲ್ಲಿನಲ್ಲಿ ಈ ಹೊಳಪು ಸತ್ತಿರುತ್ತದೆ. ಆದರೆ ಹೊಳೆಯಿತು ಅಂತ ಅಸಲಿ ಎಂದುಕೊಳ್ಳಬೇಡಿ. ಕಾರ್ಖಾನೆಯ ಕಲ್ಲು ಇನ್ನೂ ಚೆನ್ನಾಗಿ ಹೊಳೆಯುತ್ತದೆ.

ಬಣ್ಣ ತೀರಾ ತೆಳುವಾಗಿ ಗುಲಾಬಿಗೆ ತಿರುಗಿದರೆ ಅದನ್ನು ಮಾಣಿಕ್ಯ ಅನ್ನದೆ ಗುಲಾಬಿ ನೀಲ, ಅಂದರೆ ‘ಪಿಂಕ್ ಸಫೈರ್’ ಅನ್ನುತ್ತಾರೆ. ಗೆರೆ ಎಲ್ಲಿ ಎಳೆಯಬೇಕು ಎಂಬುದರಲ್ಲಿ ಪರೀಕ್ಷಕರಲ್ಲೇ ಒಮ್ಮತವಿಲ್ಲ. ಒಳಗೆ ಸಣ್ಣ ಗೆರೆ, ಚುಕ್ಕೆ ಇದ್ದರೆ ಗಾಬರಿ ಬೇಡ. ಮಾಣಿಕ್ಯದಲ್ಲಿ ಅದು ಸಹಜ. ರೇಷ್ಮೆ ಎಳೆಯಂಥ ಸೂಜಿಗಳು ಕಂಡರೆ ಸಂತೋಷವೇ ಪಡಿ, ಅವು ಹೆಚ್ಚಾಗಿ ಗಣಿಯ ಕಲ್ಲಿನ ಗುರುತು. ಕಲ್ಲಿನ ಮೈವರೆಗೆ ಬಂದ ಬಿರುಕನ್ನು ಮಾತ್ರ ನೋಡಿಕೊಳ್ಳಿ.

ಆ ಬಿರುಕಿನ ಪಾಠ ನಮ್ಮ ಮನೆಗೆ ದುಬಾರಿಯಾಗಿ ಸಿಕ್ಕಿತು. ಅಕ್ಕ ದೊಡ್ಡ ಊರಿನ ಅಂಗಡಿಯೊಂದರಲ್ಲಿ ಕೆಂಪಿನ ಉಂಗುರ ತಂದಿದ್ದಳು. ಹರಳು ದೊಡ್ಡದು, ಬಣ್ಣ ಚೆಂದ, ಬೆಲೆ ಅದಕ್ಕೆ ಹೋಲಿಸಿದರೆ ಕಡಿಮೆ. ಆ ವರ್ಷ ಲಿಂಬೆ ಉಪ್ಪಿನಕಾಯಿ ಹಾಕುವಾಗ ಉಂಗುರ ತೆಗೆದಿಡಲಿಲ್ಲ. ಆಮೇಲೆ ನೋಡಿದರೆ ಹರಳಿನ ಮೇಲೆ ಬಿಳಿ ಗೆರೆಗಳು, ಜೇಡರ ಬಲೆಯ ಹಾಗೆ. ನಮ್ಮ ಅಕ್ಕಸಾಲಿಯ ಹತ್ತಿರ ಒಯ್ದೆವು. ಅವರು ಜಗುಲಿಯ ಬೆಳಕಿಗೆ ಬಂದು, ಭೂತಗನ್ನಡಿ ಕಣ್ಣಿಗಿಟ್ಟು, ಉಂಗುರವನ್ನು ನಿಧಾನ ಓರೆ ಮಾಡಿದರು. “ಇಲ್ಲಿ ನೋಡು ತಂಗಿ, ನೀಲಿ ಮಿಂಚು ಬಂತಾ?” ಬಂತು. ಬಿರುಕಿನ ಉದ್ದಕ್ಕೂ ಸರ್ರನೆ ಓಡಿತು. ಪಕ್ಕದಲ್ಲಿ ಚಪ್ಪಟೆ ಗುಳ್ಳೆಗಳು. “ಕೆಂಪು ಹೌದು, ಆದ್ರೆ ಒಳಗೆಲ್ಲ ಗಾಜು ಕುಡಿಸಿದಾರೆ.”

ಈ ಕೆಲಸ ಸುಮಾರು 2004ರಿಂದ ಪೇಟೆಯಲ್ಲಿದೆ. ಬಿರುಕು ತುಂಬಿದ, ಬೆಲೆಯೇ ಇಲ್ಲದ ಕುರುಂದಕ್ಕೆ ಸೀಸದ ಗಾಜು ಕರಗಿಸಿ ತುಂಬುತ್ತಾರೆ. ಬಿರುಕು ಮಾಯವಾಗಿ ಕಲ್ಲು ತಿಳಿಯಾಗುತ್ತದೆ. ಆದರೆ ಲಿಂಬೆ ಹುಳಿ ಆ ಗಾಜನ್ನು ತಿನ್ನುತ್ತದೆ. ಅಕ್ಕಸಾಲಿಯ ಬೆಂಕಿ ತಾಗಿದರೂ ಕೆಡುತ್ತದೆ. ಇಂಥದ್ದನ್ನು ಇಂಥದ್ದೇ ಎಂದು ಹೇಳಿ ಕಡಿಮೆ ಬೆಲೆಗೆ ಮಾರಿದರೆ ತಕರಾರಿಲ್ಲ. ಅಕ್ಕನಿಗೆ ಯಾರೂ ಹೇಳಿರಲಿಲ್ಲ.

ಬರೀ ಕಾಯಿಸಿದ ಕಲ್ಲು ಮಾತ್ರ ಬೇರೆ. ಸಿಂಹಳದಲ್ಲಿ ಹಿಂದಿನಿಂದಲೂ ಕೊಳವೆಯಲ್ಲಿ ಕೆಂಡ ಊದಿ ಕಲ್ಲು ಕಾಯಿಸುತ್ತಿದ್ದರು. ಈಗ ವಿದ್ಯುತ್ ಕುಲುಮೆಯಲ್ಲಿ ಕಾಯಿಸುತ್ತಾರೆ. ಬಣ್ಣದಲ್ಲಿನ ನೀಲಿ ಛಾಯೆ ಹೋಗಿ ಕೆಂಪು ಶುಭ್ರವಾಗುತ್ತದೆ, ಆ ಬಣ್ಣ ಹಾಗೇ ಉಳಿಯುತ್ತದೆ. ಪೇಟೆಯ ಹೆಚ್ಚಿನ ಮಾಣಿಕ್ಯ ಕಾಯಿಸಿದ್ದೇ. ಅದನ್ನು ಮೋಸ ಅನ್ನುವುದಿಲ್ಲ. ಕಾಯಿಸದ ಒಳ್ಳೆಯ ಕಲ್ಲಿಗೆ ಬೆಲೆ ತುಂಬಾ ಜಾಸ್ತಿ, ಅಷ್ಟೆ.

ಕಾರ್ಖಾನೆಯ ಕೆಂಪಿಗೂ ನೂರು ವರ್ಷ ದಾಟಿದೆ. 1902ರಲ್ಲಿ ಫ್ರಾನ್ಸಿನ ವರ್ನೂಯಿ ಪುಡಿಯನ್ನು ಉರಿಯಲ್ಲಿ ಕರಗಿಸಿ ಮಾಣಿಕ್ಯ ಬೆಳೆಸುವ ವಿಧಾನ ಪ್ರಕಟಿಸಿದ. ಅಪ್ಪನ ಎಚ್‌ಎಂಟಿ ಜನತಾ ವಾಚಿನ ಮೇಲೆ ‘17 ಜ್ಯುವೆಲ್ಸ್’ ಎಂದಿತ್ತು. ಒಳಗೆ ಚಕ್ರಗಳ ಅಚ್ಚು ಸವೆಯದಂತೆ ಕೂರಿಸಿದ್ದು ಇಂಥ ಬೆಳೆಸಿದ ಕೆಂಪನ್ನೇ. ಇದು ಗಾಜಲ್ಲ, ಕುರುಂದವೇ. ಗಡಸುತನ ಅದೇ, ತೂಕ ಅದೇ. ಹಾಗಾಗಿ ಗೀರಿ ನೋಡಿದರೆ ಏನೂ ತಿಳಿಯುವುದಿಲ್ಲ. ಭೂತಗನ್ನಡಿಯಲ್ಲಿ ಬಾಗಿದ ಗೆರೆಗಳು, ಗ್ರಾಮಫೋನ್ ಪ್ಲೇಟಿನ ಮೇಲಿನವುಗಳಂತೆ, ಅಥವಾ ದುಂಡು ಗುಳ್ಳೆಗಳು ಕಂಡರೆ ಈ ವಿಧಾನದ್ದು. ಈಗ ಬೇರೆ ವಿಧಾನಗಳೂ ಇವೆ, ಅವುಗಳಲ್ಲಿ ಈ ಗುರುತೂ ಸಿಗುವುದಿಲ್ಲ. ಆಗ ಪ್ರಯೋಗಾಲಯಕ್ಕೇ ಕೊಡಬೇಕು.

ಅಕ್ಕನ ಉಂಗುರ ತೋರಿಸಿದ ದಿನವೇ ಅಮ್ಮನ ಬೆಂಡೋಲೆಯನ್ನೂ ಕೊಟ್ಟಿದ್ದೆವು. ಒಂದು ಓಲೆಯಲ್ಲಿ ಏಳು ಕೆಂಪು. ಆರರಲ್ಲಿ ರೇಷ್ಮೆ ಎಳೆ ಕಂಡಿತು. ಏಳನೆಯದು ತೀರಾ ತಿಳಿ, ನಡುವೆ ಒಂದೇ ಒಂದು ದುಂಡು ಗುಳ್ಳೆ. ಯಾವಾಗಲೋ ಕಲ್ಲು ಬಿದ್ದುಹೋಗಿ ಬೇರೆ ಕೂರಿಸಿದ್ದಾರೆ. ಅಜ್ಜಿಯ ಕಾಲದ್ದು ಅಂದ ಮಾತ್ರಕ್ಕೆ ಎಲ್ಲವೂ ಗಣಿಯದ್ದೇ ಆಗಿರಬೇಕಿಲ್ಲ ಅಂತ ಅವತ್ತು ಗೊತ್ತಾಯಿತು.

ಕೆಂಪಗಿರುವ ಬೇರೆ ಕಲ್ಲುಗಳಲ್ಲಿ ಮುಖ್ಯವಾದವು ಎರಡು. ದಾಳಿಂಬೆ ಕಾಳಿನ ಬಣ್ಣದ ಗಾರ್ನೆಟ್ ಒಂದು, ಸ್ಪಿನೆಲ್ ಇನ್ನೊಂದು. ಬ್ರಿಟನ್ನಿನ ರಾಜಕಿರೀಟದ ಮುಂಭಾಗದಲ್ಲಿರುವ ‘ಬ್ಲ್ಯಾಕ್ ಪ್ರಿನ್ಸ್ ರೂಬಿ’ ಮಾಣಿಕ್ಯವೇ ಅಲ್ಲ, ಸ್ಪಿನೆಲ್. ರಾಜರೇ ಶತಮಾನಗಟ್ಟಲೆ ಕೆಂಪು ಎಂದು ನಂಬಿದ್ದರು, ಕಣ್ಣಳತೆಯಲ್ಲಿ ನಾವು ತಪ್ಪುವುದು ದೊಡ್ಡದಲ್ಲ ಅಲ್ವಾ.

ಬಿಲ್ ಮಾಡಿಸುವಾಗ ‘ಕ್ಯಾರೆಟ್’ ಪದದ ಬಗ್ಗೆ ಎಚ್ಚರ ಇರಲಿ. 22 ಕ್ಯಾರೆಟ್ ಚಿನ್ನ ಅನ್ನುವಾಗ ಅದು ಶುದ್ಧತೆ. 2 ಕ್ಯಾರೆಟ್ ಕೆಂಪು ಅನ್ನುವಾಗ ಅದು ತೂಕ. ಒಂದು ಕ್ಯಾರೆಟ್‌ಗೆ 200 ಮಿಲಿಗ್ರಾಂ. ರತ್ತಿ ಲೆಕ್ಕ ಹೇಳುವವರೂ ಇದ್ದಾರೆ. ರತ್ತಿ ಅಂದರೆ ನಮ್ಮ ಗುಲಗಂಜಿ. ಆದರೆ ರತ್ತಿಯ ತೂಕವನ್ನು ಎಲ್ಲ ಕಡೆ ಒಂದೇ ಹಿಡಿಯುವುದಿಲ್ಲ. ಕ್ಯಾರೆಟ್‌ನಲ್ಲೇ ಬರೆಸಿಕೊಳ್ಳಿ. ಕಲ್ಲು ದೊಡ್ಡದಾದ ಹಾಗೆ ಕ್ಯಾರೆಟ್ಟಿನ ದರವೂ ಏರುತ್ತದೆ. ಅದೇ ಗುಣದ 2 ಕ್ಯಾರೆಟ್ ಕಲ್ಲಿಗೆ 1 ಕ್ಯಾರೆಟ್‌ನ ಎರಡು ಪಟ್ಟಿಗಿಂತ ಜಾಸ್ತಿ ಕೊಡಬೇಕು.

ಚಿನ್ನದ ತೂಕ, ಕಲ್ಲಿನ ತೂಕ ಬೇರೆಬೇರೆ ಸಾಲಿನಲ್ಲಿರಲಿ. ಒಟ್ಟು ತೂಕಕ್ಕೆ ಚಿನ್ನದ ದರ ಹಾಕಿದರೆ ಕಲ್ಲಿಗೂ ಒಳಗಿನ ಅರಗಿಗೂ ಚಿನ್ನದ ದುಡ್ಡು ಕೊಟ್ಟ ಹಾಗೆ. ಹಾಲ್‌ಮಾರ್ಕ್‌ನಲ್ಲಿರುವ ಆರು ಅಕ್ಷರ-ಅಂಕಿಯ ಎಚ್‌ಯುಐಡಿ ಆ ಒಡವೆಯ ಗುರುತಿನ ಸಂಖ್ಯೆ. ಹಾಲ್‌ಮಾರ್ಕ್ ಹೇಳುವುದು ಚಿನ್ನದ ಶುದ್ಧತೆಯನ್ನಷ್ಟೇ. ಕಲ್ಲಿನ ಬಗ್ಗೆ ಅದು ಒಂದು ಮಾತೂ ಹೇಳುವುದಿಲ್ಲ. ಕಲ್ಲಿಗೆ ಬೇರೆಯೇ ಪ್ರಮಾಣಪತ್ರ ಬೇಕು. ಅದರಲ್ಲಿ ‘ನ್ಯಾಚುರಲ್’ ಎಂಬ ಪದ ಕಂಡು ನಿಲ್ಲಬೇಡಿ. ಗಾಜು ಕುಡಿಸಿದ್ದನ್ನೂ ಕೆಲವರು ನ್ಯಾಚುರಲ್ ಅಂತಲೇ ಮಾರುತ್ತಾರೆ. ಕೆಳಗೆ ‘ಟ್ರೀಟ್‌ಮೆಂಟ್’ ಸಾಲು ಓದಿ. ‘ಹೀಟೆಡ್’ ಅಂದರೆ ಕಾಯಿಸಿದ್ದು. ‘ಗ್ಲಾಸ್ ಫಿಲ್ಡ್’ ಅಥವಾ ‘ಕಾಂಪೊಸಿಟ್’ ಅಂದರೆ ಅಕ್ಕನ ಉಂಗುರದ ಜಾತಿ.

ಮನೆಯಲ್ಲಿ ಹಳೇ ಕೆಂಪಿನ ಓಲೆ ಇದ್ದರೆ ಸೋಪಿನ ನೀರಿನಲ್ಲಿ ನೆನೆಸಿಡಬೇಡಿ. ಹಿಂಬದಿ ಮುಚ್ಚಿದ ಕುಂದಣದ ಕೆಲಸದಲ್ಲಿ ಕಲ್ಲಿನ ಅಡಿಗೆ ಹೊಳಪಿನ ತೆಳು ತಗಡು ಇರುತ್ತದೆ. ನೀರು ಇಳಿದರೆ ಅದು ಕಪ್ಪಾಗುತ್ತದೆ, ಒಳ್ಳೆಯ ಕಲ್ಲೂ ಸತ್ತಂತೆ ಕಾಣುತ್ತದೆ. ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ, ಬೇರೆ ಆಭರಣಕ್ಕೆ ತಾಗದಂತೆ ಪ್ರತ್ಯೇಕ ಡಬ್ಬಿಯಲ್ಲಿಡಿ.