ಬಡ ಮುದುಕರಿಗೆ ನೆರವು ಮೊದಲೇ ಇತ್ತಲ್ಲ, 1909ರ ಪಿಂಚಣಿಯಲ್ಲಿ ಹೊಸದೇನು?

ಪ್ರಶ್ನೆ: ಬ್ರಿಟನ್ನಿನಲ್ಲಿ ದಿಕ್ಕಿಲ್ಲದವರನ್ನು ನೋಡಿಕೊಳ್ಳಲು ಹಿಂದಿನಿಂದಲೂ ಕಾನೂನು ಇತ್ತು. ಹಾಗಿದ್ದ ಮೇಲೆ ವೃದ್ಧಾಪ್ಯ ಪಿಂಚಣಿ ಬಂದದ್ದನ್ನು ಅಷ್ಟು ದೊಡ್ಡ ಬದಲಾವಣೆ ಅಂತ ಯಾಕೆ ಹೇಳುತ್ತಾರೆ?

ಉತ್ತರ: ನೆರವು ಇತ್ತು, ನಿಜ. ಅದನ್ನು ಪಡೆಯಲು ಏನೇನು ಬಿಟ್ಟುಕೊಡಬೇಕಿತ್ತು ಅನ್ನುವುದನ್ನು ನೋಡಬೇಕು.

ದುಡಿಯಲು ಆಗದ ಮುದುಕರು ಕೊನೆಗೆ ಸೇರುತ್ತಿದ್ದ ಜಾಗ ವರ್ಕ್‌ಹೌಸ್, ಅಂದರೆ ಬಡವರಿಗೆ ಊಟ, ವಸತಿ ಕೊಟ್ಟು ಕೆಲಸ ಮಾಡಿಸುತ್ತಿದ್ದ ಸಾರ್ವಜನಿಕ ಆಶ್ರಯ. ಅಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ಜೀವನವಿಡೀ ಒಟ್ಟಿಗೆ ಬಾಳಿದ ದಂಪತಿಯನ್ನೂ ಬೇರೆ ಮಾಡುತ್ತಿದ್ದರು. 60 ದಾಟಿದವರು ಒಂದೇ ಕೋಣೆ ಕೇಳಬಹುದು ಅಂತ 1847ರಲ್ಲಿ ನಿಯಮವೇನೋ ಬಂತು. ಎಷ್ಟೋ ಕಡೆ ಅಂಥ ಕೋಣೆಯೇ ಇರಲಿಲ್ಲ! ಕೆಲವರಿಗೆ ಮನೆಯಲ್ಲೇ ಇದ್ದು ಸ್ವಲ್ಪ ಹಣ ಪಡೆಯುವ ಅವಕಾಶವಿತ್ತು. ಆದರೆ ಈ ನೆರವು ಪಡೆದವರಿಗೆ ಮತದಾನದ ಹಕ್ಕು ಹೋಗುತ್ತಿತ್ತು. ಬಡತನಕ್ಕೆ ಇಂಥ ಶಿಕ್ಷೆ ಕೊಡುವುದು ಕ್ರೂರ ಅಂತ ನನಗನ್ನಿಸುತ್ತದೆ.

ಪಿಂಚಣಿ ತಂದ 1908ರ ಕಾನೂನು ಇದನ್ನೇ ಮುರಿಯಿತು. ಪಿಂಚಣಿ ಪಡೆದ ಕಾರಣಕ್ಕೆ ಯಾರೂ ಮತದ ಹಕ್ಕನ್ನಾಗಲಿ, ಬೇರೆ ಹಕ್ಕನ್ನಾಗಲಿ ಕಳೆದುಕೊಳ್ಳುವುದಿಲ್ಲ ಅಂತ ಅದರಲ್ಲೇ ಬರೆದಿತ್ತು. ನನ್ನ ಮಟ್ಟಿಗೆ ಇಡೀ ಕಾನೂನಿನಲ್ಲಿ ಇದೇ ಮುಖ್ಯ ಸಾಲು. ಹಣ ಸರ್ಕಾರದ ಖಜಾನೆಯಿಂದ ಬರುತ್ತಿತ್ತು, ಮುದುಕರು ಮೊದಲೇ ಕಂತು ಕಟ್ಟಿರಬೇಕಾಗಿರಲಿಲ್ಲ. ಹಾಗಾಗಿ ಉಳಿಸಲು ಏನೂ ಇಲ್ಲದ ಹೆಂಗಸರಿಗೂ ಸಿಕ್ಕಿತು. ಮೊದಲ ಫಲಾನುಭವಿಗಳಲ್ಲಿ ಅವರೇ ಜಾಸ್ತಿ. 1909ರ ಜನವರಿ 1ರಿಂದ ಪೋಸ್ಟ್ ಆಫೀಸಿಗೆ ಹೋಗಿ ಹಣ ತೆಗೆದುಕೊಳ್ಳಬಹುದಿತ್ತು. ಎಲ್ಲರೂ ಕಾಗದ ಹಾಕಲು ಹೋಗುವ ಜಾಗ ಅದು, ಅಲ್ವಾ? ಅಲ್ಲಿ ತಲೆ ತಗ್ಗಿಸಿ ನಿಲ್ಲಬೇಕಾಗಿರಲಿಲ್ಲ.

ಮೊತ್ತ ಮಾತ್ರ ತೀರಾ ಚಿಕ್ಕದು. ವಾರಕ್ಕೆ 5 ಶಿಲಿಂಗ್, ಅಂದರೆ ಕಾಲು ಪೌಂಡ್. ಅದೂ 70 ತುಂಬಿದವರಿಗೆ, ವರ್ಷದ ಆದಾಯ 21 ಪೌಂಡ್ ಮೀರದಿದ್ದರೆ. ಅದಕ್ಕಿಂತ ಜಾಸ್ತಿ ಇದ್ದರೆ ಮೊತ್ತ ಇಳಿಯುತ್ತಾ ಹೋಗಿ, 31 ಪೌಂಡ್ 10 ಶಿಲಿಂಗ್ ದಾಟಿದರೆ ಏನೂ ಇಲ್ಲ. ಜೈಲಿಗೆ ಹೋಗಿ ಬಂದವರನ್ನು, ಕೆಲಸ ಮಾಡದೆ ಕಾಲ ಕಳೆದವರು ಅನ್ನಿಸಿಕೊಂಡವರನ್ನು ಹೊರಗಿಟ್ಟಿದ್ದರು. ಹೊಟ್ಟೆಗೆ ಇಲ್ಲದವರ ನಡತೆ ಅಳೆಯುವ ಈ ಷರತ್ತನ್ನು ನಾನು ಒಪ್ಪಲಾರೆ.

ಆಗ ಬ್ರಿಟನ್ನಿನ ಆಳ್ವಿಕೆಯಲ್ಲೇ ಇದ್ದ ಐರ್ಲೆಂಡಿನಲ್ಲಿ ಇನ್ನೊಂದು ತೊಡಕು. ಅಲ್ಲಿ ಎಲ್ಲರ ಜನನ ನೋಂದಣಿ ಶುರುವಾದದ್ದೇ 1864ರಲ್ಲಿ. 70 ಆಗಿದೆ ಅಂತ ತೋರಿಸುವುದು ಹೇಗೆ? 1839ರ ಜನವರಿ 6ರ ರಾತ್ರಿ ಅಲ್ಲಿ ಭಾರೀ ಬಿರುಗಾಳಿ ಬೀಸಿತ್ತು. ಆ ರಾತ್ರಿ ತಮಗೆ ನೆನಪಿದೆ ಅನ್ನುವುದನ್ನೇ ಎಷ್ಟೋ ಜನ ವಯಸ್ಸಿನ ಸಾಕ್ಷಿಯಾಗಿ ಹೇಳಿದರು.

ಹಳೆಯ ಬಡವರ ನೆರವಿನ ಪಟ್ಟಿಯಲ್ಲಿದ್ದವರಿಗೆ ಮೊದಲು ಪಿಂಚಣಿ ಇರಲಿಲ್ಲ. 1911ರಲ್ಲಿ ಆ ತಡೆ ತೆಗೆದರು. ಮನೆಯಲ್ಲಿದ್ದು ಹಳೆಯ ನೆರವು ಪಡೆಯುತ್ತಿದ್ದ 70 ದಾಟಿದವರಲ್ಲಿ ಬಹುಪಾಲು ಜನ ಕೆಲವೇ ವರ್ಷಗಳಲ್ಲಿ ಆ ಪಟ್ಟಿ ಬಿಟ್ಟು ಪಿಂಚಣಿಗೆ ಬಂದರು.